ದುಡ್ಡು ಕಟ್ಟಿದವನು ಅಪಾಯಕಾರಿ ಅಲ್ಲ, ಸರೀನಾ?

2025ರ ಆಗಸ್ಟ್ 25ರಂದು ಡೊನಾಲ್ಡ್ ಟ್ರಂಪ್ ಕ್ಯಾಮೆರಾಗಳ ಮುಂದೆ ಕೂತು ಒಂದು ಆದೇಶಕ್ಕೆ ಸಹಿ ಹಾಕಿದರು. ದುಡ್ಡು ಕಟ್ಟಿಸಿಕೊಳ್ಳದೆ ಆರೋಪಿಗಳನ್ನು ಬಿಡುವ ರಾಜ್ಯಗಳು, ನಗರಗಳು ಯಾವುವು ಅಂತ ಪಟ್ಟಿ ಮಾಡಿ, ಅವಕ್ಕೆ ಹೋಗುವ ಕೇಂದ್ರದ ಅನುದಾನ ಎಲ್ಲೆಲ್ಲಿ ನಿಲ್ಲಿಸಬಹುದು ನೋಡಿ ಅನ್ನುವುದು ಅದರ ಸಾರ. ದೊಡ್ಡ ಊರುಗಳು ಹಾಳಾಗಿದ್ದೇ ಈ ಕಾಸಿಲ್ಲದ ಬೇಲ್‌ನಿಂದ ಅಂತ ಭಾಷಣವೂ ಆಯಿತು.

ಅನುಭವಸ್ಥರ ಮಾತು, ಕೇಳಬೇಕು. ಯಾಕಂದ್ರೆ 2023ರ ಏಪ್ರಿಲ್ 4ರಂದು ಮ್ಯಾನ್‌ಹಟನ್ ಕೋರ್ಟಿನಲ್ಲಿ 34 ಆರೋಪಗಳನ್ನು ಎದುರಿಸಿ ನಿಂತ ಇದೇ ಟ್ರಂಪ್, ಒಂದು ಡಾಲರ್ ಕೂಡ ಕಟ್ಟದೆ ಹೊರಗೆ ಬಂದು, ವಿಮಾನ ಹತ್ತಿ, ಅದೇ ರಾತ್ರಿ ಫ್ಲೋರಿಡಾದ ತಮ್ಮ ಮನೆಯಲ್ಲಿ ಭಾಷಣ ಬಿಗಿದರು. ಜಡ್ಜ್ ಏನೂ ಕನಿಕರ ತೋರಿಸಿರಲಿಲ್ಲ. ಬಿಸಿನೆಸ್ ದಾಖಲೆ ತಿದ್ದಿದ ಕೇಸು ಹಿಂಸೆಯ ಅಪರಾಧದ ಪಟ್ಟಿಯಲ್ಲಿ ಬರುವುದಿಲ್ಲ, ಹಾಗಾಗಿ ನ್ಯೂಯಾರ್ಕ್ ರಾಜ್ಯ 2019ರಲ್ಲಿ ಮಾಡಿದ ಬೇಲ್ ಸುಧಾರಣೆ ಕಾನೂನಿನ ಪ್ರಕಾರ ಜಡ್ಜ್ ದುಡ್ಡು ಕೇಳುವ ಹಾಗೇ ಇರಲಿಲ್ಲ. ಅಂದ್ರೆ ಆ ಕಾನೂನಿನ ಅತ್ಯಂತ ಪ್ರಸಿದ್ಧ ಫಲಾನುಭವಿ ಯಾರು ಅಂತ ಕ್ವಿಜ್‌ನಲ್ಲಿ ಕೇಳಿದರೆ ಉತ್ತರ ಸುಲಭ. ಅದೇ ವರ್ಷ ಆಗಸ್ಟಿನಲ್ಲಿ ಜಾರ್ಜಿಯಾದಲ್ಲಿ ಇನ್ನೊಂದು ಕೇಸು. ಅಲ್ಲಿ ದುಡ್ಡಿನ ಪದ್ಧತಿ. 2,00,000 ಡಾಲರ್ ಬಾಂಡ್ ಅಂದರು, ಏಜೆಂಟ್ ಹಿಡಿದು ಶೇ 10ರಷ್ಟು ಕೊಟ್ಟರು, ಜೈಲಿನಲ್ಲಿ ಫೋಟೋ ತೆಗೆಸಿಕೊಂಡು ಅರ್ಧ ಗಂಟೆಯೊಳಗೆ ಹೊರಟರು. ಕಾಸಿಲ್ಲದ ಬೇಲ್ ಆದರೂ ಮನೆಗೆ, ಕಾಸಿನ ಬೇಲ್ ಆದರೂ ಮನೆಗೆ.

ಈ ಏಜೆಂಟರ ವಿಷಯ ಸ್ವಲ್ಪ ಹೇಳಲೇಬೇಕು. ಕೋರ್ಟ್ 5,000 ಡಾಲರ್ ಬೇಲ್ ಅಂತ ಹೇಳುತ್ತದೆ. ಮನೆಯವರ ಹತ್ತಿರ ಅಷ್ಟಿಲ್ಲ. ಕೋರ್ಟಿನ ಎದುರಿಗೇ ಬೋರ್ಡ್ ಹಾಕಿಕೊಂಡು ಕೂತವನ ಹತ್ತಿರ ಹೋಗಿ ಒಂದು ಐನೂರು ಕೊಟ್ಟರೆ ಅವನು ಹೊಣೆ ನಿಲ್ಲುತ್ತಾನೆ. ಆರೋಪಿ ಪ್ರತಿ ತಾರೀಕಿಗೂ ತಪ್ಪದೆ ಕೋರ್ಟಿಗೆ ಬಂದು, ಕೊನೆಗೆ ನಿರಪರಾಧಿ ಅಂತ ತೀರ್ಪಾದರೂ ಆ ಐನೂರು ವಾಪಸ್ ಬರುವುದಿಲ್ಲ. ಪ್ರಪಂಚದಲ್ಲಿ ಇದನ್ನು ಹೀಗೆ ಅಂಗಡಿ ತೆರೆದು ವ್ಯಾಪಾರ ಮಾಡುವ ದೇಶಗಳು ಹೆಚ್ಚುಕಡಿಮೆ ಎರಡೇ, ಅಮೆರಿಕ ಮತ್ತು ಫಿಲಿಪೀನ್ಸ್. ಸಾರ್ವಜನಿಕ ಸುರಕ್ಷತೆಯ ಬಗ್ಗೆ ಇಷ್ಟು ಕಾಳಜಿ ಇರುವ ಉದ್ಯಮ ಇನ್ನೊಂದಿಲ್ಲ ಬಿಡಿ. ಕಾಸಿನ ಬೇಲ್ ತೆಗೆಯಬೇಕು ಅಂದಾಗಲೆಲ್ಲ ಅವರಿಗೇ ಮೊದಲು ಎದೆನೋವು ಬರುವುದು.

ಇನ್ನು ದುಡ್ಡು ಕಟ್ಟಿಸಿಕೊಂಡರೆ ಊರು ಎಷ್ಟು ಸುರಕ್ಷಿತ ಅನ್ನುವುದಕ್ಕೆ 2018ರ ಮೇ ತಿಂಗಳು ನೋಡಿ. ನ್ಯೂಯಾರ್ಕಿನಲ್ಲಿ ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್ ಮೇಲೆ ಅತ್ಯಾಚಾರದ ಆರೋಪ. ವಕೀಲರು 10 ಲಕ್ಷ ಡಾಲರ್‌ನ ಚೆಕ್ ರೆಡಿ ಇಟ್ಟುಕೊಂಡೇ ಬಂದಿದ್ದರು. ಚೆಕ್ ಕೊಟ್ಟರು, ಕಾಲಿಗೆ ಟ್ರ್ಯಾಕರ್ ಕಟ್ಟಿಸಿಕೊಂಡರು, ಅದೇ ದಿನ ಮನೆಗೆ. ಅದೇ ಊರಿನ ಬ್ರಾಂಕ್ಸ್‌ನಲ್ಲಿ 2010ರಲ್ಲಿ ಕಲೀಫ್ ಬ್ರೌಡರ್ ಅನ್ನುವ 16 ವರ್ಷದ ಹುಡುಗನನ್ನು ಬ್ಯಾಗ್ ಕದ್ದ ಅಂತ ಹಿಡಿದಿದ್ದರು. ಬೇಲ್ 3,000 ಡಾಲರ್. ಮನೆಯವರಿಂದ ಹೊಂದಿಸೋಕಾಗಲಿಲ್ಲ. ಆಮೇಲೆ ಹಳೇ ಕೇಸಿನಲ್ಲಿ ಪ್ರೊಬೇಷನ್ (ಜೈಲಿನ ಬದಲು ಹೊರಗೇ ನಿಗಾ) ಮೇಲಿದ್ದ ಕಾರಣ ಹೇಳಿ ಬೇಲ್‌ನ ದಾರಿಯನ್ನೂ ಮುಚ್ಚಿದರು. ರೈಕರ್ಸ್ ಐಲ್ಯಾಂಡ್ ಜೈಲಿನಲ್ಲಿ ಮೂರು ವರ್ಷ, ಅದರಲ್ಲಿ ಸುಮಾರು ಎರಡು ವರ್ಷ ಒಂಟಿ ಕೋಣೆ. ವಿಚಾರಣೆ ನಡೆಯಲೇ ಇಲ್ಲ. 2013ರಲ್ಲಿ ಕೇಸು ವಜಾ. 2015ರಲ್ಲಿ, 22ನೇ ವಯಸ್ಸಿಗೆ ಅವನು ಆತ್ಮಹತ್ಯೆ ಮಾಡಿಕೊಂಡ. ಇದರಲ್ಲಿ ತಮಾಷೆ ಮಾಡೋಕೆ ಏನೂ ಇಲ್ಲ, ಸುಮ್ನೆ ಎರಡನ್ನೂ ಒಂದರ ಪಕ್ಕ ಒಂದು ಇಟ್ಟೆ.

ಇಲ್ಲೇ ಲೆಕ್ಕದ ಮಾತೂ ಮುಗಿಸಿಬಿಡೋಣ. 2021ರಲ್ಲಿ ನ್ಯೂಯಾರ್ಕ್ ನಗರ ಒಬ್ಬ ಕೈದಿಯನ್ನು ಜೈಲಿನಲ್ಲಿ ಇಟ್ಟುಕೊಳ್ಳಲು ಮಾಡಿದ ಖರ್ಚು ವರ್ಷಕ್ಕೆ 5,50,000 ಡಾಲರ್‌ಗಿಂತ ಜಾಸ್ತಿ ಅಂತ ನಗರದ ಲೆಕ್ಕಪತ್ರ ನೋಡುವ ಕಂಪ್ಟ್ರೋಲರ್ ಕಚೇರಿಯೇ ಹೇಳಿತು. ಬೇಲ್‌ಗೆ ಒಂದೆರಡು ಸಾವಿರ ಹೊಂದಿಸಲಾಗದವನನ್ನು ಲಕ್ಷಗಟ್ಟಲೆ ಸುರಿದು ಸಾಕುವುದು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ.

ಹಾಗಂತ ನ್ಯೂಯಾರ್ಕ್‌ನಲ್ಲಿ 2019ರ ಆ ಕಾನೂನು ತಂದವರು ಭಾರಿ ಬುದ್ಧಿವಂತರು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಬಹುತೇಕ ಎಲ್ಲ ಕಡೆ ಜಡ್ಜ್ ಬೇಲ್ ತೀರ್ಮಾನ ಮಾಡುವಾಗ ಈ ಮನುಷ್ಯನಿಂದ ಬೇರೆಯವರಿಗೆ ಅಪಾಯ ಇದೆಯಾ ಅಂತ ಕೇಳಬಹುದು. ನ್ಯೂಯಾರ್ಕ್‌ನಲ್ಲಿ ಮಾತ್ರ ಅದನ್ನು ಕೇಳುವ ಹಾಗಿಲ್ಲ. ಅಲ್ಲಿ ಬೇಲ್ ಇರುವುದು ಆರೋಪಿ ಮತ್ತೆ ಕೋರ್ಟಿಗೆ ಬರಲಿ ಅಂತ, ಅಷ್ಟೇ. ಈ ನಿಯಮ ದಶಕಗಳಿಂದ ಇದೆ. ಇದರ ತಮಾಷೆ 2022ರ ಜುಲೈನಲ್ಲಿ ಹೊರಗೆ ಬಿತ್ತು. ಗವರ್ನರ್ ಚುನಾವಣೆಗೆ ನಿಂತಿದ್ದ ಲೀ ಝೆಲ್ಡಿನ್, ಬೇಲ್ ಸುಧಾರಣೆ ರದ್ದು ಮಾಡುತ್ತೇನೆ ಅಂತ ಊರೂರು ತಿರುಗುತ್ತಿದ್ದರು. ರಾಚೆಸ್ಟರ್ ಹತ್ತಿರದ ಒಂದು ಸಭೆಯಲ್ಲಿ ಒಬ್ಬ ವೇದಿಕೆ ಹತ್ತಿ ಅವರ ಕೈ ಹಿಡಿದುಕೊಂಡ. ಅವನ ಇನ್ನೊಂದು ಕೈಯಲ್ಲಿ ಬೆಕ್ಕಿನ ಆಕಾರದ ಒಂದು ಕೀ ಚೈನ್. ಬೆಕ್ಕಿನ ಕಿವಿಗಳೆರಡೂ ಚೂಪು, ಬೆರಳಿಗೆ ಸಿಕ್ಕಿಸಿಕೊಂಡು ಚುಚ್ಚುವಂಥದ್ದು. ಝೆಲ್ಡಿನ್‌ಗೆ ಏನೂ ಆಗಲಿಲ್ಲ. ಇವನನ್ನು ಕೂಡಲೇ ಬಿಟ್ಟುಬಿಡುತ್ತಾರೆ ನೋಡುತ್ತಿರಿ ಅಂತ ಅವರು ಅವತ್ತೇ ಬರೆದರು. ಬಿಟ್ಟೇಬಿಟ್ಟರು! ಹಾಕಿದ ಆರೋಪಕ್ಕೆ ಜಡ್ಜ್ ಬೇಲ್ ದುಡ್ಡು ಕೇಳಲು ಅವಕಾಶ ಇರಲಿಲ್ಲ. ಬೇಲ್ ಕಾನೂನಿನ ವಿರುದ್ಧ ಭಾಷಣ ಮಾಡುವವರ ಮೇಲೆ ಕೈ ಮಾಡಿದವನು ಅದೇ ಕಾನೂನಿನಡಿ ಮನೆಗೆ ಹೋದ. ದುಡ್ಡು ಕೊಟ್ಟರೂ ಇಂಥ ಪ್ರಚಾರ ಸಿಗುವುದಿಲ್ಲ. ಒಂದೆರಡು ದಿನದಲ್ಲೇ ಕೇಂದ್ರದ ಪೊಲೀಸರು ಬೇರೆ ಆರೋಪ ಹಾಕಿ ಅವನನ್ನು ಮತ್ತೆ ಹಿಡಿಯಬೇಕಾಯಿತು. ಅಷ್ಟಾದರೂ ಝೆಲ್ಡಿನ್ ಗೆಲ್ಲಲಿಲ್ಲ, ಅದು ಬೇರೆ ಕಥೆ.

ಜಾನ್ ಜೇ ಕಾಲೇಜಿನ ಸಂಶೋಧಕರು 2023ರಲ್ಲಿ ಈ ಕಾನೂನಿನ ಪರಿಣಾಮ ಅಳೆದು ನೋಡಿದರು. ಒಟ್ಟಾರೆ ನೋಡಿದರೆ, ಬಿಡುಗಡೆಯಾದವರು ಮತ್ತೆ ಅರೆಸ್ಟ್ ಆಗುವುದು ಕಡಿಮೆಯಾಗಿತ್ತು. ಇತ್ತೀಚೆಗೆ ಮೇಲಿಂದ ಮೇಲೆ ಕೇಸು ಹಾಕಿಸಿಕೊಂಡಿದ್ದವರಲ್ಲಿ ಮಾತ್ರ ಜಾಸ್ತಿಯಾಗಿತ್ತು. ಅಂದ್ರೆ ಎರಡೂ ಕಡೆಯವರಿಗೆ ಅರ್ಧರ್ಧ ಇರಿಸುಮುರಿಸು. ಇಂಥ ವರದಿಯನ್ನು ಯಾವ ಪಕ್ಷದವರೂ ಪೋಸ್ಟರ್‌ಗೆ ಹಾಕುವುದಿಲ್ಲ.

ಪೋಸ್ಟರ್‌ಗೆ ಬೇಕಾಗಿದ್ದು ಕೊಲೆಗಳ ಸಂಖ್ಯೆ. ನ್ಯೂಯಾರ್ಕ್ ನಗರದಲ್ಲಿ 2019ರಲ್ಲಿ 319 ಕೊಲೆ, 2020ರಲ್ಲಿ 468, 2021ರಲ್ಲಿ 488. ಕಾನೂನು ಜಾರಿಗೆ ಬಂದಿದ್ದು 2020ರ ಜನವರಿ 1ಕ್ಕೆ. ನೋಡಿದ್ರಾ, ಇನ್ನೇನು ಸಾಕ್ಷಿ ಬೇಕು? ಅದೇ 2020ರಲ್ಲಿ ಇಡೀ ಅಮೆರಿಕದಲ್ಲಿ ಕೊಲೆಗಳು ಸುಮಾರು ಶೇ 30ರಷ್ಟು ಏರಿದ್ದವು, ಬೇಲ್ ಕಾನೂನಿನ ಒಂದಕ್ಷರ ಮುಟ್ಟದ ರಾಜ್ಯಗಳೂ ಅದರಲ್ಲಿ ಸೇರಿದ್ದವು ಅನ್ನುವುದನ್ನು ಯಾರೂ ಹೇಳಲಿಲ್ಲ. ಹೇಳಿದರೆ ಚರ್ಚೆ ಬೇಗ ಮುಗಿಯುತ್ತೆ. ಮುಂದೆ 2024ರ ಹೊತ್ತಿಗೆ 377ಕ್ಕೆ ಇಳಿಯಿತು. ಕೊಲೆ ಏರಿದಾಗ ಬೇಲ್ ಕಾರಣ. ಇಳಿದಾಗ ಪೊಲೀಸರ ಪರಾಕ್ರಮ.

ಈಗ ಎರಿಕ್ ಆಡಮ್ಸ್ ಬಗ್ಗೆ. ಮಾಜಿ ಪೊಲೀಸ್ ಕ್ಯಾಪ್ಟನ್, 2022ರಲ್ಲಿ ನ್ಯೂಯಾರ್ಕ್ ಮೇಯರ್ ಆದರು. ಊರಿಗೆ ಸುರಕ್ಷತೆ ತರುತ್ತೇನೆ ಅಂತ ಗೆದ್ದವರು. ಬೇಲ್ ಕಾನೂನು ಬದಲಾಗಲೇಬೇಕು ಅಂತ ಪಟ್ಟು. ಆದರೆ ಆ ಕಾನೂನು ಮೇಯರ್ ಕೈಯಲ್ಲಿಲ್ಲ. ಅದು ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಆಗಬೇಕಾದ ಕೆಲಸ. 2022ರ ಫೆಬ್ರವರಿಯಲ್ಲಿ ಅಲ್ಲಿಗೆ ಹೋಗಿ ಕೇಳಿಕೊಂಡರು. ಅವರದ್ದೇ ಪಕ್ಷದ ಶಾಸಕರು ಕಾಫಿ ಕೊಟ್ಟು ಕಳಿಸಿದ ಹಾಗಾಯಿತು. ಆಮೇಲೆ ಕೈಯಲ್ಲಾಗುವುದನ್ನಾದರೂ ಮಾಡೋಣ ಅಂತ 2023ರ ಸೆಪ್ಟೆಂಬರ್‌ನಲ್ಲಿ ಟೈಮ್ಸ್ ಸ್ಕ್ವೇರ್ ಮೆಟ್ರೊ ಸ್ಟೇಷನ್ನಿಗೆ ಒಂದು ರೋಬೋ ತಂದರು.

ಈ ರೋಬೋವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೆಸರು ಕೆ5. ಎತ್ತರ ಐದಡಿ ಚಿಲ್ಲರೆ, ತೂಕ ಸುಮಾರು 180 ಕೆಜಿ, ಬಿಳಿ ಬಣ್ಣ, ಕೆಳಗೆ ಚಕ್ರ, ಸುತ್ತ ಕ್ಯಾಮೆರಾ. ಬಾಡಿಗೆ ಗಂಟೆಗೆ 9 ಡಾಲರ್. ಊಟದ ಬಿಡುವು ಕೇಳಲ್ಲ, ಬಾತ್‌ರೂಮಿಗೆ ಹೋಗಲ್ಲ, ಕನಿಷ್ಠ ಕೂಲಿಗಿಂತ ಕಮ್ಮಿ ಅಂತ ಮೇಯರ್ ಬಾಯ್ತುಂಬ ಹೊಗಳಿದರು. ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಡ್ಯೂಟಿ. ಸಣ್ಣ ತೊಂದರೆ ಏನಂದ್ರೆ ಅದು ಮೆಟ್ಟಿಲು ಇಳಿಯಲ್ಲ. ಮೆಟ್ರೊ ಸ್ಟೇಷನ್ನಿನಲ್ಲಿ ಮೆಟ್ಟಿಲು ಬಿಟ್ಟರೆ ಇನ್ನೇನಿರುತ್ತೆ? ಪ್ಲಾಟ್‌ಫಾರ್ಮ್‌ಗೆ ಹೋಗೋಕಾಗದೆ ಮೇಲಿನ ಹಾಲ್‌ನಲ್ಲೇ ಅತ್ತಿಂದಿತ್ತ ಓಡಾಡಿಕೊಂಡಿತ್ತು. ಅದರ ಕಾವಲಿಗೆ ನಿಜವಾದ ಪೊಲೀಸರು ಬೇರೆ. ಜನರನ್ನು ಕಾಯುವ ರೋಬೋ, ರೋಬೋ ಕಾಯುವ ಪೊಲೀಸ್. ಕಳ್ಳ ಬಂದಿದ್ದರೆ ಒಂದು ಸೆಲ್ಫಿ ತೆಗೆದುಕೊಂಡು ಹೋಗುತ್ತಿದ್ದನೋ ಏನೋ. 2024ರ ಫೆಬ್ರವರಿ ಹೊತ್ತಿಗೆ ಅದನ್ನು ಡ್ಯೂಟಿಯಿಂದ ತೆಗೆದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಕೇಂದ್ರದ ತನಿಖೆ ನಡೆಯುತ್ತಿದ್ದಾಗ, ಪೊಲೀಸ್ ಕಮಿಷನರ್ ರಾಜೀನಾಮೆ ಕೊಟ್ಟರು. ಮಾನವಾಗಿ ನಿವೃತ್ತಿಯಾಗಿದ್ದು ಆ ರೋಬೋನೇ ಅನ್ನಬೇಕು.

ಆಮೇಲೆ ಸರದಿ ಮೇಯರ್‌ದು. ಅದೇ ತಿಂಗಳ ಕೊನೆಗೆ ಲಂಚ, ವಂಚನೆ, ವಿದೇಶಿ ದೇಣಿಗೆ ಅಂತ ಐದು ಆರೋಪ. ಕೋರ್ಟಿನಲ್ಲಿ ನಾನು ತಪ್ಪು ಮಾಡಿಲ್ಲ ಅಂದರು. ಸಾಕ್ಷಿಗಳ ಹತ್ತಿರ ಕೇಸಿನ ಬಗ್ಗೆ ಮಾತಾಡಬೇಡಿ ಅಂತ ಹೇಳಿ ಕಳಿಸಿದರು. ಬೇಲ್ ಎಷ್ಟು? ಸೊನ್ನೆ. ಅದು ಫೆಡರಲ್ ಅಂದ್ರೆ ಕೇಂದ್ರದ ಕೋರ್ಟು, ಅವರು ಬೈಯುತ್ತಿದ್ದ ರಾಜ್ಯದ ಕಾನೂನು ಅಲ್ಲ, ಒಪ್ಪಿದೆ. ಆದರೂ ದುಡ್ಡು ಕಟ್ಟದವರನ್ನೆಲ್ಲ ಹೊರಗೆ ಬಿಟ್ಟರೆ ಊರು ಏನಾಗಬೇಕು ಅಂತ ಅವತ್ತು ಮೇಯರ್ ಸಾಹೇಬರು ಕೇಳಲಿಲ್ಲ. 2025ರ ಏಪ್ರಿಲ್‌ನಲ್ಲಿ ನ್ಯಾಯ ಇಲಾಖೆಯೇ ಕೇಳಿಕೊಂಡ ಮೇಲೆ ಕೇಸೂ ವಜಾ ಆಯಿತು.

ಇಲಿನಾಯ್ ರಾಜ್ಯದಲ್ಲಿ ಇನ್ನೂ ದೊಡ್ಡ ನಾಟಕ. ದುಡ್ಡಿನ ಬೇಲ್ ಪೂರ್ತಿ ಎತ್ತಿಹಾಕುತ್ತೇವೆ ಅಂದಾಗ ಹತ್ತಾರು ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಸರ್ಕಾರಿ ವಕೀಲರು, ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗಳು ಕೋರ್ಟಿಗೆ ಹೋದರು. ಜೈಲುಗಳ ಬಾಗಿಲು ತೆರೆದು ಕೊಲೆಗಾರರು ಸಾಲಾಗಿ ಹೊರಗೆ ಬರುತ್ತಾರೆ ಅಂತ 2022ರ ಚುನಾವಣೆಯಲ್ಲಿ ಪ್ರಚಾರವೋ ಪ್ರಚಾರ. 2023ರ ಸೆಪ್ಟೆಂಬರ್ 18ಕ್ಕೆ ಕಾನೂನು ಬಂತು. ಪ್ರಳಯ ಆಗಲಿಲ್ಲ. ಷಿಕಾಗೊದಲ್ಲಿ 2023ರಲ್ಲಿ 617 ಕೊಲೆಯಾಗಿದ್ದವು, 2024ರಲ್ಲಿ 573. ಇಳಿದಿದ್ದು ಬೇಲ್ ತೆಗೆದಿದ್ದಕ್ಕೆ ಅಂತ ನಾನು ಹೇಳಲ್ಲ, ಆ ವರ್ಷ ದೇಶದ ತುಂಬ ಇಳಿಯುತ್ತಿತ್ತು. ಅಲ್ಲಿ ಒಂದು ವಿಷಯ ಮಾತ್ರ ಗಟ್ಟಿ ಮಾಡಿದರು: ಗಂಭೀರ ಕೇಸಿನ ಆರೋಪಿ ಅಪಾಯಕಾರಿ ಅಂತ ಜಡ್ಜ್‌ಗೆ ಮನವರಿಕೆ ಆದರೆ ಒಳಗೇ ಇಡಬಹುದು, ಅವನ ಹತ್ತಿರ ಎಷ್ಟು ಕೋಟಿ ಇದ್ದರೂ ಅಷ್ಟೇ. ಚೆಕ್ ಹಿಡಿದುಕೊಂಡು ಬಂದರೆ ಉಪಯೋಗ ಇಲ್ಲ. ಕಠಿಣ ಕ್ರಮ ಬೇಕು ಅಂತ ಕೂಗುವವರು ಕುಣಿದಾಡಬೇಕಿತ್ತು, ಅಲ್ವಾ?

ಪಶ್ಚಿಮಕ್ಕೆ ಬಂದರೆ ಸ್ಯಾನ್ ಫ್ರಾನ್ಸಿಸ್ಕೊ. ಅಲ್ಲಿ ಟೂತ್‌ಪೇಸ್ಟ್‌ಗೆ ಬೀಗ. ಪ್ಲಾಸ್ಟಿಕ್ ಬಾಗಿಲಿನ ಹಿಂದೆ ಪೇಸ್ಟ್, ಪಕ್ಕದಲ್ಲಿ ಬಟನ್, ಒತ್ತಿದರೆ ಬೀಗದ ಕೈ ಗೊಂಚಲು ಹಿಡಿದ ಹುಡುಗ ಬರಬೇಕು. ಬರುವ ತನಕ ಹಲ್ಲು ಕಾಯಬೇಕು. ಸಂಘಟಿತ ಕಳ್ಳತನ ತಾಳಲಾರೆವು ಅಂತ ಔಷಧಿ, ದಿನಬಳಕೆ ಸಾಮಾನು ಮಾರುವ ವಾಲ್‌ಗ್ರೀನ್ಸ್ ಕಂಪನಿ 2021ರಲ್ಲಿ ಐದು ಅಂಗಡಿ ಮುಚ್ಚುವುದಾಗಿ ಹೇಳಿತು. ದುಡ್ಡಿನ ಬೇಲ್ ಕೇಳುವುದನ್ನೇ ನಿಲ್ಲಿಸಿದ್ದ ಡಿಸ್ಟ್ರಿಕ್ಟ್ ಅಟಾರ್ನಿ (ಜನರೇ ಆರಿಸುವ ಸರ್ಕಾರಿ ವಕೀಲ) ಚೆಸಾ ಬೂಡಿನ್ ಅವರನ್ನು 2022ರ ಜೂನ್‌ನಲ್ಲಿ ಮತದಾರರು ಕುರ್ಚಿಯಿಂದ ಇಳಿಸಿದರು. 2023ರ ಜನವರಿಯಲ್ಲಿ ವಾಲ್‌ಗ್ರೀನ್ಸ್‌ನ ಹಣಕಾಸು ಮುಖ್ಯಸ್ಥರು ಬಂದು, ಹೋದ ವರ್ಷ ನಾವು ಸ್ವಲ್ಪ ಜಾಸ್ತಿನೇ ಅತ್ತುಬಿಟ್ಟೆವೇನೋ ಅಂದರು. ಜನ ಸುಮ್ನೆ ಹೆದರಿದ್ದರು ಅಂತಲ್ಲ. ಕಣ್ಣೆದುರೇ ಬ್ಯಾಗ್ ತುಂಬಿಸಿಕೊಂಡು ಹೋಗುವವರನ್ನು ಕಂಡವರಿಗೆ ಅಂಕಿಅಂಶ ತೋರಿಸಿ ಸಮಾಧಾನ ಮಾಡೋಕೆ ಹೊರಟ ಸುಧಾರಕರದ್ದೂ ಜಾಣತನವೇ.

ಆ ಕಡೆಯವರ ಲೆಕ್ಕವೂ ಚೆನ್ನಾಗಿದೆ. 2020ರಲ್ಲಿ ಪೊಲೀಸ್ ಬಜೆಟ್ ಕಡಿತ ಮಾಡಿ ಅಂತ ಬೀದಿ ತುಂಬ ಜನ. ಆಗಿನ ನ್ಯೂಯಾರ್ಕ್ ಮೇಯರ್ ಬಿಲ್ ಡಿ ಬ್ಲಾಸಿಯೊ 100 ಕೋಟಿ ಡಾಲರ್ ತೆಗೆದೆವು ಅಂದರು. ತೆಗೆದಿದ್ದು ಎಲ್ಲಿಂದ? ಅದರಲ್ಲಿ ದೊಡ್ಡ ಪಾಲು, ಶಾಲೆಗಳಲ್ಲಿ ಕಾವಲು ಕಾಯುವ ಸಿಬ್ಬಂದಿಯನ್ನು ಪೊಲೀಸ್ ಖಾತೆಯಿಂದ ಶಿಕ್ಷಣ ಇಲಾಖೆ ಖಾತೆಗೆ ಬರೆಯುವುದು. ಅದೇ ಜನ, ಅದೇ ಶಾಲೆ, ಅದೇ ಗೇಟು.

ಆ ವರ್ಷ ಪೊಲೀಸರ ವಿರುದ್ಧ ಖಾರವಾಗಿ ಬರೆದಿದ್ದ ಜೊಹ್ರಾನ್ ಮಮ್ದಾನಿ 2025ರಲ್ಲಿ ಮೇಯರ್ ಚುನಾವಣೆಗೆ ನಿಂತಾಗ ಟೀವಿಯಲ್ಲಿ ಪೊಲೀಸರ ಕ್ಷಮೆ ಕೇಳಿದರು, ಗೆದ್ದರು, ಆಡಮ್ಸ್ ನೇಮಿಸಿದ್ದ ಕಮಿಷನರ್ ಜೆಸ್ಸಿಕಾ ಟಿಷ್ ಅವರನ್ನೇ ಮುಂದುವರಿಸುತ್ತೇನೆ ಅಂದರು. ಬೇಲ್ ಕಾನೂನು ತಪ್ಪು ಅಂತ ಎಲ್ಲ ಕಡೆ ಹೇಳಿಕೊಂಡು ಬಂದಿರುವವರು ಈ ಟಿಷ್. ಈಗ ಇಬ್ಬರೂ ಒಂದೇ ವೇದಿಕೆಯಲ್ಲಿ ನಿಲ್ಲಬೇಕು. ಜಗಳ ಆಡಿದರೂ ಆಡದಿದ್ದರೂ ಆ ಕಾನೂನಿನ ಒಂದು ಕೊಂಬು ಅಲ್ಲಾಡಿಸುವ ಅಧಿಕಾರ ಇಬ್ಬರಿಗೂ ಇಲ್ಲ. ಅಧಿಕಾರ ಇರುವ ಆಲ್ಬನಿಯವರು 2020, 2022, 2023 ಅಂತ ಮೂರು ಸಲ ತಿದ್ದಿ ಸುಸ್ತಾಗಿದ್ದಾರೆ. ಮುಂದಿನ ತಿದ್ದುಪಡಿ ಯಾವಾಗ ಅಂತ ತಿಳಿಯಬೇಕಾದವರು ಚುನಾವಣೆಯ ತಾರೀಕು ನೋಡಿಕೊಳ್ಳಿ.