ಮಾರ್ಚ್ ಪರೀಕ್ಷೆ ಬಂತು: ಪುಟ್ಟ ಮಕ್ಕಳಿಗೆ ನಾವು ಅಡ್ಡ ನಿಲ್ಲುವುದು ಬೇಡ

ಫೆಬ್ರವರಿ ಮುಗಿಯುವ ಹೊತ್ತಿಗೆ ಎಸ್‌ಎ-2, ಅಂದರೆ ವರ್ಷದ ಕೊನೆಯ ಪರೀಕ್ಷೆಯ ವೇಳಾಪಟ್ಟಿ ಮಕ್ಕಳ ಡೈರಿಗೆ ಬಂದಿರುತ್ತದೆ. ಅಲ್ಲಿಂದ ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಟಿವಿ ಬಂದ್, ಆಟ ಬಂದ್, ಟ್ಯೂಷನ್ ಮಾತ್ರ ಎರಡು ಹೊತ್ತು. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಇಷ್ಟೆಲ್ಲ ಬೇಕೇ ಎಂದರೆ "ಈಗಿನಿಂದಲೇ ಅಭ್ಯಾಸ ಆಗಲಿ" ಎನ್ನುತ್ತಾರೆ. ನಮ್ಮ ಕ್ರೈಸ್ತ ಶಾಲೆಗಳಲ್ಲಿ ಪಾಠ ಮಾಡುವವರಿಗೂ ಅಲ್ಲಿಗೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿಗೂ ಹೇಳಬೇಕಾದದ್ದು ಒಂದೇ: ಉಳಿದಿರುವ ಎರಡು ಮೂರು ವಾರದಲ್ಲಿ ಹೊಸದೇನನ್ನೂ ತಲೆಗೆ ತುರುಕಬೇಡಿ. ಗೊತ್ತಿರುವುದನ್ನು ಬರೆಯುವುದಕ್ಕೆ ಏನು ಅಡ್ಡ ಬರುತ್ತಿದೆ ಎಂದು ಹುಡುಕಿ, ಅದನ್ನು ತೆಗೆಯಿರಿ.

ಮೂರನೇ ಕ್ಲಾಸಿನ ಲೆಕ್ಕದ ಹಾಳೆಯನ್ನೇ ನೋಡಿ. 503ರಿಂದ 278 ಕಳೆಯಬೇಕು. ಮಗು 375 ಎಂದು ಬರೆದಿದೆ. ಗಮನವೇ ಇಲ್ಲ ಎಂದು ಬೈದು, ಅಂಥದೇ ಇಪ್ಪತ್ತು ಲೆಕ್ಕ ಕೊಟ್ಟು ಕೂರಿಸುತ್ತೇವೆ. ಆದರೆ ಅದು ಗಮನ ತಪ್ಪಿ ಆದದ್ದಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 3 ಹೋದರೆ 5, 7ರಲ್ಲಿ 0 ಹೋದರೆ 7, 5ರಲ್ಲಿ 2 ಹೋದರೆ 3. ಸೊನ್ನೆಯ ಹತ್ತಿರ ಕಡ ತರುವುದು ಹೇಗೆಂದು ತಿಳಿಯದೆ ತನಗೆ ಸರಿ ಕಂಡ ದಾರಿ ಹಿಡಿದಿದೆ, ಅಷ್ಟೆ. ಇಪ್ಪತ್ತು ಲೆಕ್ಕ ಕೊಟ್ಟರೆ ಇಪ್ಪತ್ತೂ ಹೀಗೇ ಬರುತ್ತವೆ, ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಅದರ ಬದಲು ನೂರರ ಐದು ನೋಟು, ಒಂದು ರೂಪಾಯಿಯ ಮೂರು ನಾಣ್ಯ ಮೇಜಿನ ಮೇಲಿಟ್ಟು "ನನಗೆ 278 ಕೊಡು" ಎನ್ನಿ. ಚಿಲ್ಲರೆ ಇಲ್ಲ ಎಂದು ಮಗುವೇ ಹೇಳುತ್ತದೆ. ಒಂದು ನೂರು ಮುರಿಸಿ ಹತ್ತರ ಹತ್ತು ನೋಟು ಕೊಡಿ. ಅದರಲ್ಲಿ ಒಂದನ್ನು ಮತ್ತೆ ಮುರಿಸಿ ಹತ್ತು ನಾಣ್ಯ ಕೊಡಿ. ಈಗ ಕೈಯಲ್ಲಿ 4 ನೂರು, 9 ಹತ್ತು, 13 ಬಿಡಿ. ಕೊಟ್ಟು ಉಳಿಯುವುದು 225. ದಿನಕ್ಕೆ ಮೂರೇ ಲೆಕ್ಕ ಸಾಕು. ಮೊದಲ ದಿನ ಬರೀ ನೋಟಿನಲ್ಲಿ, ಎರಡನೇ ದಿನ ನೋಟು ಪಕ್ಕದಲ್ಲಿಟ್ಟುಕೊಂಡು ಹಾಳೆಯ ಮೇಲೆ, ಮೂರನೇ ದಿನ ನೋಟಿಲ್ಲದೆ.

ಇನ್ನೊಂದು ಅಡ್ಡಿ ಪ್ರಶ್ನೆಯ ಭಾಷೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೋ ಕನ್ನಡದಲ್ಲೋ. ಉತ್ತರ ಬಾಯಲ್ಲಿದ್ದರೂ "ಡಿಫರೆನ್ಶಿಯೇಟ್" (ವ್ಯತ್ಯಾಸ ಬರೆ) ಅಂದರೆ ಏನು ಮಾಡಬೇಕು ಎಂದು ಗೊತ್ತಿಲ್ಲದೆ ಜಾಗ ಖಾಲಿ ಬಿಡುವ ಮಕ್ಕಳು ಬಹಳ. "ಎನಿ ಫೋರ್" ಎಂದಿದ್ದರೆ ಆರಕ್ಕೆ ಆರೂ ಬರೆದು, ಕೊನೆಯ ಪುಟಕ್ಕೆ ಸಮಯ ಸಾಲದೆ ಅಳುವವರೂ ಇದ್ದಾರೆ. ಟೀಚರ್‌ಗಳು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಉತ್ತರ ಬರೆಸದೆ, ಏನು ಮಾಡು ಎಂದು ಹೇಳುವ ಪದಕ್ಕೆ ಮಾತ್ರ ಗೆರೆ ಎಳೆಸಲಿ. ಆಮೇಲೆ ಮಗು ಅದನ್ನು ತನ್ನ ಮನೆಮಾತಿನಲ್ಲಿ ಹೇಳಲಿ. ದಿನಕ್ಕೆ ಹತ್ತು ನಿಮಿಷದ ಕೆಲಸ. ತುಳುವಿನಲ್ಲಿ ಹೇಳಿದ್ದಕ್ಕೆ ದಂಡ ಹಾಕುವ ಪದ್ಧತಿ ಎಲ್ಲಾದರೂ ಉಳಿದಿದ್ದರೆ ದಯವಿಟ್ಟು ನಿಲ್ಲಿಸಿ.

ನಿದ್ದೆಯ ವಿಷಯ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ವ್ಯಾನ್ 7.45ಕ್ಕೆ ಬರುವುದಾದರೆ ಮಗು 6.30ಕ್ಕೆ ಏಳಬೇಕು, ಅಂದರೆ ರಾತ್ರಿ 9ಕ್ಕೆ ದೀಪ ಆರಬೇಕು. ನಮ್ಮ ಕಡೆ ಇದನ್ನು ಕೆಡಿಸುವುದು ಹೆಚ್ಚಾಗಿ ಪ್ರೀತಿಯೇ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್, ಕತಾರ್, ಸೌದಿ ಎರಡೂವರೆ ಗಂಟೆ ಹಿಂದೆ. ಅಲ್ಲಿ ದುಡಿಯುವ ಅಪ್ಪ ಡ್ಯೂಟಿ ಮುಗಿಸಿ ರೂಮಿಗೆ ಬಂದು 8 ಗಂಟೆಗೆ ವಿಡಿಯೋ ಕಾಲ್ ಮಾಡಿದರೆ ಇಲ್ಲಿ 9.30, ಇಲ್ಲವೇ 10.30. ಮಗು ಎದ್ದು ಕೂರುತ್ತದೆ, "ಓದಿದ್ಯಾ ಮಗಾ" ಎಂಬ ಪ್ರಶ್ನೆ ಬರುತ್ತದೆ, ಮತ್ತೆ ಹನ್ನೊಂದಾದರೂ ನಿದ್ದೆ ಹತ್ತುವುದಿಲ್ಲ. ಈ ಎರಡು ವಾರ ಅಪ್ಪ ಒಂದು ವಾಯ್ಸ್ ಮೆಸೇಜ್ ಕಳಿಸಲಿ, ಬೆಳಿಗ್ಗೆ ತಿಂಡಿ ತಿನ್ನುವಾಗ ಅಮ್ಮ ಕೇಳಿಸಲಿ. ಅದರಲ್ಲಿ ಮಾರ್ಕಿನ ಮಾತು ಬೇಡ. ತಿಂಡಿಯೂ ದಿನದ್ದೇ ಇರಲಿ, ಗಂಜಿಯೋ ದೋಸೆಯೋ.

ಪರೀಕ್ಷೆ ಇರುವಾಗಲೇ ಕ್ರೈಸ್ತರ ಉಪವಾಸದ ತಪಸ್ಸು ಕಾಲವೂ ನಡೆಯುತ್ತಿರುತ್ತದೆ. 2026ರಲ್ಲಿ ಅದು ಶುರುವಾಗುವ ಬೂದಿ ಬುಧವಾರ ಫೆಬ್ರವರಿ 18ಕ್ಕೆ, ಶುಭ ಶುಕ್ರವಾರ ಏಪ್ರಿಲ್ 3ಕ್ಕೆ. ರಂಜಾನ್ ಉಪವಾಸ ಶುರುವಾಗುವುದೂ ಅದೇ ಬೂದಿ ಬುಧವಾರದ ವಾರದಲ್ಲಿ. ಕೆಥೊಲಿಕ್ ಧರ್ಮಸಭೆಯ ನಿಯಮದಲ್ಲಿ ಮಾಂಸ ಬಿಡುವ ಕಟ್ಟುಪಾಡು 14 ವರ್ಷ ತುಂಬಿದವರಿಗೆ, ಉಪವಾಸ 18 ತುಂಬಿದವರಿಗೆ. ಎಂಟು ವರ್ಷದ ಮಗು ತಿಂಡಿ ಬಿಟ್ಟು ಪರೀಕ್ಷೆಗೆ ಹೋಗಬೇಕಾಗಿಲ್ಲ. ಪ್ರಾಯಕ್ಕೆ ಬಾರದ ಮುಸ್ಲಿಂ ಮಕ್ಕಳ ಮೇಲೂ ಉಪವಾಸ ಕಡ್ಡಾಯವಲ್ಲ. ಆದರೂ ಕೆಲವು ಮಕ್ಕಳು ಆಸೆಯಿಂದ ಹಿಡಿಯುತ್ತಾರೆ, ಸಹರಿಗೆ (ಬೆಳಗಿನ ಜಾವದ ಊಟಕ್ಕೆ) ಎದ್ದವರಿಗೆ ನಿದ್ದೆ ಕಮ್ಮಿಯಾಗಿರುತ್ತದೆ. ಅಂಥ ಮಗುವನ್ನು ಬಿಸಿಲು ಬೀಳುವ ಕಿಟಕಿಯ ಪಕ್ಕ ಕೂರಿಸಬೇಡಿ, ಪರೀಕ್ಷೆಯ ದಿನ ಡ್ರಿಲ್ ಮಾಡಿಸಬೇಡಿ. ಸಂಜೆಯ ತೇರ್ಸನ್ನು (ಜಪಮಾಲೆ ಪ್ರಾರ್ಥನೆಯನ್ನು) ಏಳೂವರೆಯೊಳಗೆ ಮುಗಿಸಿದರೆ ಊಟಕ್ಕೂ ನಿದ್ದೆಗೂ ಹೊತ್ತು ಸಿಗುತ್ತದೆ.

ಪ್ರಾರ್ಥನೆಯ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು. "ಚೆನ್ನಾಗಿ ಪ್ರಾರ್ಥಿಸು, ಯೇಸು ಒಳ್ಳೆ ಮಾರ್ಕ್ ಕೊಡುತ್ತಾನೆ" ಎಂದು ನಾವು ಹೇಳಿಕೊಟ್ಟ ಮಗುವಿಗೆ 25ರಲ್ಲಿ 9 ಬಂದರೆ ಅದು ಏನೆಂದುಕೊಳ್ಳಬೇಕು? ಯೇಸುವಿಗೆ ನನ್ನ ಮೇಲೆ ಸಿಟ್ಟು ಎಂದೇ ಅಂದುಕೊಳ್ಳುತ್ತದೆ. ದೊಡ್ಡವರ ಹಾಗೆ ಅದನ್ನು ಬಾಯಿ ಬಿಟ್ಟು ಹೇಳುವುದೂ ಇಲ್ಲ. ಅಸೆಂಬ್ಲಿಯ ಪ್ರಾರ್ಥನೆಯಲ್ಲಿ ಮಾರ್ಕನ್ನು ಕೇಳಬೇಡಿ. ಹೆದರಿಕೆ ಕಳೆ, ಓದಿದ್ದು ನೆನಪಿರಲಿ, ಪಕ್ಕದಲ್ಲಿ ಕೂತವನಿಗೂ ಒಳ್ಳೆಯದಾಗಲಿ, ಇಷ್ಟು ಕೇಳಿದರೆ ಸಾಕು. ಇದಕ್ಕೆ ಹಿಂದೂ, ಮುಸ್ಲಿಂ ಮಕ್ಕಳೂ ಮನಸ್ಸಿಟ್ಟು ನಿಲ್ಲಬಹುದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಆರಾಧನೆಗೆ ಸೇರಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿಯೂ ಹೇಳುತ್ತದೆ.

ಕಾಪಿ ಹೊಡೆಯಬಾರದೆಂದು ಕ್ಲಾಸು ಬೆರೆಸಿ ಕೂರಿಸುವಾಗ ಎರಡನೇ ಕ್ಲಾಸಿನ ಮಗು ಏಳನೇ ಕ್ಲಾಸಿನ ಬೆಂಚಿಗೆ ಹೋಗುತ್ತದೆ. ಕಾಲು ನೆಲಕ್ಕೆ ತಾಗದೆ, ಡೆಸ್ಕು ಎದೆಯ ಮಟ್ಟಕ್ಕೆ ಬಂದು, ಅರ್ಧ ಗಂಟೆಯಲ್ಲಿ ಕೈ ಸೋಲುತ್ತದೆ. ಚಿಕ್ಕವರನ್ನು ಅವರ ಕ್ಲಾಸಿನಲ್ಲೇ ಕೂರಿಸಿ. ಪರೀಕ್ಷೆಗೆ ಹತ್ತು ನಿಮಿಷ ಮುಂಚೆ ಎಲ್ಲರನ್ನೂ ಟಾಯ್ಲೆಟಿಗೆ ಕಳಿಸಿ. ನಡುವೆ ಬಿಡುವುದಿಲ್ಲ ಎಂಬ ಹೆದರಿಕೆಗೆ ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿಯದ ಮಕ್ಕಳಿದ್ದಾರೆ. ಮಾರ್ಚಿನ ಸೆಕೆಯಲ್ಲಿ ತಲೆನೋವು ಅಲ್ಲಿಂದಲೇ ಶುರು. ಓದಲು ಕಷ್ಟಪಡುವ ಮಗುವಿಗೆ ಪ್ರಶ್ನೆ ಓದಿ ಹೇಳುವವರು ಬೇಕು, ಸಮಯವೂ ಹೆಚ್ಚು ಬೇಕು. ಅಂಗವಿಕಲ ಅಭ್ಯರ್ಥಿಗಳ ಲಿಖಿತ ಪರೀಕ್ಷೆಗೆ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಡಿ ಎಂದಿತ್ತು. ಮೂರನೇ ಕ್ಲಾಸಿನ ಪರೀಕ್ಷೆಗೂ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಬಹುದು.

ಇನ್ನು ಫೀಸು. ಬಾಕಿ ಇರುವವರ ಹೆಸರನ್ನು ಪರೀಕ್ಷೆಯ ದಿನ ಕ್ಲಾಸಿನಲ್ಲಿ ಓದುವುದು, ಮಗುವನ್ನು ಹೊರಗೆ ನಿಲ್ಲಿಸುವುದು ದೊಡ್ಡ ಅನ್ಯಾಯ. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯಿಂದ ಹೊರಗಿಟ್ಟಿತು. ಆದರೆ ತನ್ನ ಉಸ್ತುವಾರಿಯಲ್ಲಿರುವ ಮಗುವಿಗೆ ವೃಥಾ ಮಾನಸಿಕ ನೋವು ಕೊಡುವವರಿಗೆ 2015ರ ಬಾಲ ನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದ್ದೇ ಇದೆ. ಕಾಯ್ದೆಯ ಮಾತಿರಲಿ, ಗೋಡೆಯ ಮೇಲೆ ಶಿಲುಬೆ ತೂಗುಹಾಕಿದ ಕ್ಲಾಸಿನಲ್ಲಿ ಅದು ನಡೆಯಬಾರದು. ಫೀಸಿನ ಮಾತು ಆಫೀಸಿನಲ್ಲಿ, ಪೋಷಕರ ಜೊತೆ, ಕಂತು ಬರೆದು ಸಹಿ ಹಾಕಿಸಿಕೊಂಡು ಮುಗಿಯಲಿ. ಮಗುವಿಗೆ ಗೊತ್ತೇ ಆಗಬಾರದು. ಕೊಡಲು ಆಗದ ಪೋಷಕರು ಕೊನೆಯ ದಿನದವರೆಗೆ ಮುಖ ತಪ್ಪಿಸದೆ ಫೆಬ್ರವರಿಯಲ್ಲೇ ಫಾದರನ್ನೋ ಸಿಸ್ಟರನ್ನೋ ಕಂಡು ಹೇಳಿ. ಮುಂಚೆ ಹೇಳಿದರೆ ದಾರಿ ಹುಡುಕುವುದು ಸುಲಭ.

ಒಂದು ಪರೀಕ್ಷೆ ಮುಗಿದ ಕೂಡಲೇ ವ್ಯಾನಿನ ಬಾಗಿಲಲ್ಲೇ ಪ್ರಶ್ನೆಪತ್ರಿಕೆ ಬಿಡಿಸಿ ಯಾವುದು ತಪ್ಪಿತು ಎಂದು ಕೇಳಬೇಡಿ, ನಾಳೆಯ ಪರೀಕ್ಷೆಯೂ ಕೆಡುತ್ತದೆ. ಏಪ್ರಿಲಿನಲ್ಲಿ "ಸಮುದಾಯದತ್ತ ಶಾಲೆ" ದಿನ ಫಲಿತಾಂಶ ತಿಳಿಯಲು ಹೋದಾಗ ಎಷ್ಟನೇ ರ‍್ಯಾಂಕ್ ಎಂದು ಕೇಳುವ ಬದಲು "ಒಂದೇ ಥರದ ತಪ್ಪು ಎಲ್ಲೆಲ್ಲಿ ಬಂದಿದೆ ಟೀಚರ್?" ಎಂದು ಕೇಳಿ. ಆ 375ರಂಥ ಹಾಳೆ ಸಿಕ್ಕರೆ ಫೋಟೋ ತೆಗೆದಿಟ್ಟುಕೊಳ್ಳಿ. ಜೂನ್ ಮೊದಲ ವಾರ ನಾಲ್ಕನೇ ಕ್ಲಾಸಿನ ಹೊಸ ಟೀಚರ್‌ಗೆ ಮೊದಲು ತೋರಿಸಬೇಕಾದದ್ದು ಅದನ್ನೇ.