ಬೀಜದ ದುಡ್ಡು ಆಷಾಢದಲ್ಲೇ ವಾಪಸ್

ಸಾಗರದ ಕಡೆಯವನು ನಾನು. ನೌಕರಿಯ ದೆಸೆಯಿಂದ ಆರು ವರ್ಷಗಳಿಂದ ಸಿಕ್ಕಿಮಿನ ನಾಮ್ಚಿಯಲ್ಲಿದ್ದೇನೆ. ಊರಿಗೆ ಫೋನ್ ಮಾಡಿದರೆ ಅಣ್ಣ ಮೊದಲು ಹೇಳುವುದು ಶುಂಠಿ ರೇಟು. ಇಲ್ಲಿ ಮನೆ ಮಾಲೀಕರ ಬಾಯಲ್ಲೂ ಅದೇ.

ಇವರ ಹೊಲ ನೋಡಿದರೆ ನಮ್ಮವರು ನಕ್ಕಾರು. ಗುಡ್ಡದ ಮೈಗೆ ಕೊರೆದ ಮೆಟ್ಟಿಲು, ಒಂದೊಂದೂ ನಮ್ಮ ಅಂಗಳದಷ್ಟು. ಶುಂಠಿಯ ನಡುವೆ ಮೆಕ್ಕೆಜೋಳ. ಆದರೆ ಇವರ ಒಂದು ಲೆಕ್ಕಾಚಾರ ನನಗೆ ಬಹಳ ಹಿಡಿಸಿದೆ. ಅದರ ಹೆಸರು 'ಮಾವು'. ಮೊದಲ ಸಲ ಕೇಳಿದಾಗ ಮಾವಿನಹಣ್ಣೇ ಅಂದುಕೊಂಡಿದ್ದೆ. ನೇಪಾಳಿಯಲ್ಲಿ ಹಾಗೆಂದರೆ ತಾಯಿ, ಅಂದರೆ ನೆಟ್ಟ ಬೀಜದ ಗೆಡ್ಡೆ. ಜೂನ್–ಜುಲೈ ಹೊತ್ತಿಗೆ ಗಿಡ ಬೇರು ಬಿಟ್ಟು ಎಲೆ ಬಿಚ್ಚಿರುತ್ತದೆ. ಬುಡದ ಮಣ್ಣನ್ನು ಒಂದು ಬದಿಯಿಂದ ಮೆಲ್ಲಗೆ ಸರಿಸಿ, ಆ ಹಳೆ ಗೆಡ್ಡೆಯನ್ನಷ್ಟೇ ಮುರಿದುಕೊಂಡು ಮತ್ತೆ ಮಣ್ಣು ಮುಚ್ಚುತ್ತಾರೆ. ಆಗ ಪೇಟೆಯಲ್ಲಿ ಹಳೆ ಮಾಲು ಮುಗಿಯುತ್ತ ಬಂದಿರುತ್ತದೆ, ಹೊಸದು ಬಂದಿರುವುದಿಲ್ಲ. ಒಳ್ಳೆ ದರ. ಶುಂಠಿಯ ಖರ್ಚಿನಲ್ಲಿ ದೊಡ್ಡ ಪಾಲು ಬೀಜದ್ದೇ ತಾನೆ? ಅದರ ದುಡ್ಡು ಮಳೆಗಾಲ ಮುಗಿಯುವ ಮೊದಲೇ ಕೈಗೆ ಬಂತು.

ನಮ್ಮಲ್ಲಿ? ಗದ್ದೆ ಗುತ್ತಿಗೆಗೆ ಹಿಡಿದು, ಎಕರೆಗೆ 60 ಕಿಲೋದ ಹತ್ತು ಹದಿನೈದು ಚೀಲ ಬೀಜ ಹಾಕಿ, ಸಾಲ ತಂದು ಔಷಧಿ ಹೊಡೆದು ಕೂರುತ್ತೇವೆ. 2023ರಲ್ಲಿ ರೇಟು ಏರಿದಾಗ ಕಳ್ಳರ ಕಾಟಕ್ಕೆ ಹೊಲಕ್ಕೆ ಸಿಸಿಟಿವಿ ಹಾಕಿಸಿದವರೂ ಇದ್ದರು. ಅದನ್ನು ನೋಡಿ ಎಲ್ಲರೂ ಶುಂಠಿಗೇ ಇಳಿದರು, ರೇಟು ಮಕಾಡೆ ಮಲಗಿತು. ಕೀಳದೆ ನೆಲದಲ್ಲೇ ಬಿಟ್ಟು 'ಹಳೆ ಶುಂಠಿ' ಮಾಡಿ ಕಾಯುವುದೊಂದೇ ನಮಗೆ ಗೊತ್ತಿರುವ ಉಪಾಯ. ಅಷ್ಟರಲ್ಲಿ ಬಡ್ಡಿ ಬೆಳೆದಿರುತ್ತದೆ.

ಹಾಗಂತ ಇಲ್ಲಿಯವರೇನು ಸುಖಿಗಳಲ್ಲ. ಗೆಡ್ಡೆ ಮುರಿದ ಗಾಯದಿಂದ ಕೊಳೆ ರೋಗ ಹೊಕ್ಕುವ ಅಪಾಯ ಇದ್ದೇ ಇದೆ. 2016ರಲ್ಲಿ ರಾಜ್ಯವಿಡೀ ಸಾವಯವ ಎಂದು ಘೋಷಣೆಯಾಯಿತು. ಸಿಲಿಗುರಿ ಮಂಡಿಗೆ ಹೋದ ಶುಂಠಿಗೆ ಆ ಹೆಸರಿನಿಂದ ಹೆಚ್ಚಿಗೆ ಏನೂ ಹುಟ್ಟುವುದಿಲ್ಲ ಎಂಬುದು ಮಾಲೀಕರ ಗೊಣಗಾಟ. ಮೇಲಾಗಿ ಮಾವು ತೆಗೆಯುವುದು ಮನೆಮಂದಿಯೇ ಕೂತು ಮಾಡುವ ನಾಜೂಕು ಕೆಲಸ. ಕೂಲಿ ಕೊಟ್ಟು ಹತ್ತು ಎಕರೆಯಲ್ಲಿ ಮಾಡಿಸಿದರೆ ಗಿಟ್ಟುವುದಿಲ್ಲ. ಆದರೆ ಸ್ವಂತ ಅರ್ಧ ಎಕರೆಯವರು ಯಾಕೆ ನೋಡಬಾರದು?

ಅಣ್ಣನಿಗೆ ಹೇಳಿದೆ. "ಕೊಳೆ ಬಂದ್ರೆ ದುಡ್ಡು ನೀನು ಕೊಡ್ತೀಯೇನೋ?" ಎಂದ. ಕೊನೆಗೆ ಕೊಟ್ಟಿಗೆ ಹಿಂದಿನ ಎರಡು ಮಡಿ ಬಿಟ್ಟುಕೊಡಲು ಒಪ್ಪಿದ್ದಾನೆ. ಆಷಾಢದಲ್ಲಿ ರಜೆ ಹಾಕಿ ಬಂದು ನಾನೇ ಗೆಡ್ಡೆ ತೆಗೆಯಬೇಕಂತೆ.