ಹತ್ತೊಂಬತ್ತು ಲಕ್ಷ ಜನರ ದೇಶಕ್ಕೆ ಒಂದು ದಿನದ ರಜೆ

2023ರ ಮೇ 29, ಸೋಮವಾರ. ರಾತ್ರಿ ನಾಲ್ಕು ಹನಿ ಬಿದ್ದಿತ್ತು. ಅಂಗಳದ ಅಡಿಕೆಗೆ ಹೊದೆಸಿದ್ದ ಟಾರ್ಪಾಲನ್ನು ಬೆಳಿಗ್ಗೆ ಎಳೆದು ಮಡಚುತ್ತಿದ್ದಾಗ ನೆರೆಮನೆಯ ಹುಡುಗಿಯ ಕರೆ ಬಂತು. ಅವಳು ಯುರೋಪಿನ ಲಾಟ್ವಿಯಾದ ರಿಗಾದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ನಮ್ಮ ಬದಿಯಡ್ಕದ ಆಸುಪಾಸಿನಲ್ಲಿ ಆ ದೇಶದ ಹೆಸರನ್ನು ಮೊದಲು ತಂದವಳೇ ಅವಳು.

"ಮಾವ, ಇವತ್ತು ಇಲ್ಲಿ ಇಡೀ ದೇಶಕ್ಕೆ ರಜೆ. ರಾತ್ರೋರಾತ್ರಿ ಘೋಷಿಸಿದರು."

"ಹರತಾಳವೇ?" ಎಂದೆ. ಕೇರಳದಲ್ಲಿ ಇದ್ದಕ್ಕಿದ್ದಂತೆ ರಜೆ ಬಂದರೆ ಮೊದಲು ಹೊಳೆಯುವುದು ಅದೇ.

"ಅಲ್ಲ ಮಾವ, ಐಸ್ ಹಾಕಿಯಲ್ಲಿ ನಮಗೆ ಕಂಚು ಬಂತು."

ಅವಳು 'ನಮಗೆ' ಎಂದದ್ದು ನನ್ನ ಕಿವಿಗೆ ಬಿತ್ತು. ಹೋಗಿ ಎರಡು ವರ್ಷವೂ ಆಗಿರಲಿಲ್ಲ. ಹಿಂದಿನ ದಿನ ಫಿನ್ಲೆಂಡಿನ ಟಾಂಪೆರೆಯಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮೂರನೆಯ ಸ್ಥಾನದ ಪಂದ್ಯದಲ್ಲಿ ಲಾಟ್ವಿಯಾ ಅಮೆರಿಕವನ್ನು 4-3ರಿಂದ ಸೋಲಿಸಿತ್ತು. ಕ್ರಿಸ್ಟಿಯಾನ್ಸ್ ರೂಬಿನ್ಸ್ ಎಂಬ ರಕ್ಷಣಾ ಆಟಗಾರ ಕೊನೆಯ ಹೊತ್ತಿನಲ್ಲಿ ಗೋಲು ಸಮ ಮಾಡಿದ್ದ; ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಹೊಡೆದವನೂ ಅವನೇ. ಸುದ್ದಿ ಮುಟ್ಟಿದ್ದೇ ತಡ, ಅಲ್ಲಿನ ಸಂಸತ್ತು ಮಧ್ಯರಾತ್ರಿಯ ಹೊತ್ತಿಗೆ ಸಭೆ ಸೇರಿ ಮರುದಿನಕ್ಕೆ ರಜೆ ಕೊಟ್ಟಿತು. ಆಮೇಲೆ ಅವಳು ಕಳುಹಿಸಿದ ವಿಡಿಯೊದಲ್ಲಿ ಸ್ವಾತಂತ್ರ್ಯ ಸ್ಮಾರಕದ ಸುತ್ತ ಜನವೋ ಜನ. ಕಡುಗೆಂಪಿನ ನಡುವೆ ಬಿಳಿ ಪಟ್ಟಿಯ ಬಾವುಟಗಳು. ಒಬ್ಬ ಅಜ್ಜಿ ಆ ಬಾವುಟವನ್ನೇ ಶಾಲಿನಂತೆ ಹೊದ್ದು, ಪಕ್ಕದಲ್ಲಿದ್ದ ಅಪರಿಚಿತ ಹುಡುಗನ ತೋಳು ಹಿಡಿದುಕೊಂಡು ಅಳುತ್ತಿದ್ದರು. ಟಾರ್ಪಾಲು ಅರ್ಧ ಮಡಚಿದ್ದು ಹಾಗೆಯೇ ಬಿದ್ದಿತ್ತು. ನಾನು ಜಗಲಿಯ ಮೆಟ್ಟಿಲಲ್ಲಿ ಕುಳಿತು ಅದನ್ನು ಮೂರು ಸಲ ನೋಡಿದೆ.

ಲಾಟ್ವಿಯಾದ ಜನಸಂಖ್ಯೆ ಸುಮಾರು 19 ಲಕ್ಷ. 2011ರ ಜನಗಣತಿಯ ಪ್ರಕಾರ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ 13 ಲಕ್ಷ, ಗಡಿಯಾಚೆಯ ದಕ್ಷಿಣ ಕನ್ನಡದಲ್ಲಿ ಸುಮಾರು 21 ಲಕ್ಷ ಜನ. ಅಂದರೆ ತಲಪಾಡಿ ಗೇಟಿನ ಆಚೆಗಿರುವ ಒಂದು ಜಿಲ್ಲೆಗಿಂತ ಕಡಿಮೆ ಜನರಿರುವ ದೇಶವೊಂದು 30 ಕೋಟಿ ದಾಟಿದ ಅಮೆರಿಕವನ್ನು ಅದರ ಆಟದಲ್ಲೇ ಸೋಲಿಸಿತು.

ಅಂದಿನಿಂದ ನಾನು ಈ ಆಟದ ಬೆನ್ನು ಹತ್ತಿದ್ದೇನೆ. ಚಿಕ್ಕ ದೇಶಗಳು ಇಲ್ಲಿ ನಿಜವಾಗಿಯೂ ದೊಡ್ಡವರಿಗೆ ಎದುರು ನಿಲ್ಲಬಲ್ಲವೇ ಎಂದು ಗೆಳೆಯರ ನಡುವೆ ಮಾತು ಬಂದಾಗಲೆಲ್ಲ ಹೆಚ್ಚಿನವರು ಇಲ್ಲವೆಂದು ತಲೆಯಾಡಿಸುತ್ತಾರೆ. ಕೆನಡಾ, ಅಮೆರಿಕ, ಸ್ವೀಡನ್, ರಷ್ಯಾ ಇರುವವರೆಗೆ ಉಳಿದವರು ಲೆಕ್ಕ ಭರ್ತಿಗೆ ಮಾತ್ರ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಿಲ್ಲಬಲ್ಲವು, ನಿಂತಿವೆ. ಆದರೆ ಒಂದು ದಿನ ಗೆಲ್ಲುವುದು ಬೇರೆ, ವರ್ಷಗಟ್ಟಲೆ ಎದುರಾಳಿಯಾಗಿ ಉಳಿಯುವುದು ಬೇರೆ. ಎರಡನೆಯದಕ್ಕೆ ಏನು ಬೇಕು ಎಂಬುದನ್ನು ನಾವು ಇಲ್ಲಿ, ನಮ್ಮ ಕಬಡ್ಡಿ ಅಂಕಣದ ಪಕ್ಕದಲ್ಲಿ ನಿಂತು, ಚೆನ್ನಾಗಿ ಅರ್ಥ ಮಾಡಿಕೊಳ್ಳಬಹುದು.

ಮೊದಲು ಆಟದ ಸ್ವಭಾವ. ಮಂಜುಗಡ್ಡೆಯ ಮೇಲೆ ಒಂದು ತಂಡದಿಂದ ಒಮ್ಮೆಗೆ ಇರುವುದು ಗೋಲು ಕಾಯುವ ಗೋಲಿಯೂ ಸೇರಿ ಆರೇ ಜನ. ಮುಕ್ಕಾಲು ನಿಮಿಷ ಪ್ರಾಣ ಬಿಟ್ಟು ಓಡುತ್ತಾರೆ, ಬೇಲಿ ಹಾರಿ ಹೊರಗೆ ಬರುತ್ತಾರೆ, ಇನ್ನೈವರು ಒಳಗೆ ಜಿಗಿಯುತ್ತಾರೆ. ಗೋಲಿ ಮಾತ್ರ ಅಲ್ಲೇ ಇರುತ್ತಾನೆ. ವಿಶ್ವ ಚಾಂಪಿಯನ್‌ಷಿಪ್‌ಗೆ ಒಂದು ದೇಶ ಒಯ್ಯಬಹುದಾದವರು 25 ಜನ, ಅವರಲ್ಲಿ 3 ಗೋಲಿಗಳು. ಎಷ್ಟು ಕೋಟಿ ಜನರಿದ್ದರೂ ಅಂಕಣಕ್ಕೆ ಇಳಿಯುವುದು ಅಷ್ಟೇ. ಆ 25ರಲ್ಲಿ ಒಬ್ಬನ ಕೈಯಲ್ಲಿ ಅರ್ಧ ಪಂದ್ಯ ಇರುತ್ತದೆ. ಅವನೇ ಗೋಲಿ.

2014ರ ಸೋಚಿ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್ ನೋಡಿ. ಕೆನಡಾದ ಎಲ್ಲ ದಿಗ್ಗಜರೂ ಅಲ್ಲಿದ್ದರು. ಅವರು ಲಾಟ್ವಿಯಾದ ಗೋಲಿನತ್ತ 57 ಸಲ ಹೊಡೆದರು. ಕ್ರಿಸ್ಟರ್ಸ್ ಗುಡ್ಲೆವ್‌ಸ್ಕಿಸ್ ಎಂಬ ಹುಡುಗ 55 ತಡೆದ. ಕೊನೆಯದಾದ ಮೂರನೆಯ ಅವಧಿ ಅರ್ಧಕ್ಕಿಂತ ಹೆಚ್ಚು ಕಳೆದಾಗಲೂ 1-1. ಕೊನೆಗೆ ಲಾಟ್ವಿಯಾ 2-1ರಿಂದ ಸೋತಿತು. ಆ ಪಂದ್ಯದ ತುಣುಕುಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ. ಪಕ್ ಎಂದರೆ ಅಂಗೈಯಗಲದ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಕಣ್ಣು ಅದನ್ನು ಹಿಂಬಾಲಿಸುವ ಮೊದಲೇ ಅದು ಗೋಲಿಯ ಎದೆಗೆ ಬಡಿದಿರುತ್ತದೆ. ಗುಡ್ಲೆವ್‌ಸ್ಕಿಸ್ ಮಂಡಿಯೂರಿ ಕಾಲುಗಳನ್ನು ಎರಡೂ ಬದಿಗೆ ಚಾಚಿ ಅಡಿಯನ್ನು ಮುಚ್ಚುತ್ತಾನೆ, ಎಡಗೈಯ ಗ್ಲೌಸು ಗಾಳಿಯಲ್ಲಿ ಹಾವಿನ ಹೆಡೆಯ ಹಾಗೆ ಕಾದಿರುತ್ತದೆ. ಒಂದನ್ನು ತಡೆದು ಏಳುವ ಮೊದಲೇ ಇನ್ನೊಂದು ಬರುತ್ತದೆ. ಅವನ ಮುಂದೆ ನಾಲ್ಕೈದು ಜನ ಗುದ್ದಾಡುತ್ತಿರುತ್ತಾರೆ. ಅವರ ಕಾಲುಗಳ ಸಂದಿಯಿಂದಲೇ ಅವನು ಪಕ್ ಹುಡುಕಬೇಕು. ಕಬಡ್ಡಿಯ ಎಡ ಕಾರ್ನರಿನಲ್ಲಿ ಹನ್ನೆರಡು ವರ್ಷ ನಿಂತು ರೈಡರ್‌ಗಳ ಪಾದ ಕಾದವನು ನಾನು. ಆ ಕಾಯುವಿಕೆಯ ಬೆಲೆ ನನಗೆ ಗೊತ್ತು.

ಒಳ್ಳೆಯ ಗೋಲಿಯಿದ್ದರೆ ಚಿಕ್ಕ ತಂಡ ದೊಡ್ಡ ತಂಡದ ಜೊತೆ ಅರವತ್ತು ನಿಮಿಷ ಉಸಿರಾಡಬಹುದು. 1998ರಲ್ಲಿ ನಾಗಾನೊದಲ್ಲಿ ಝೆಕ್ ಗಣರಾಜ್ಯ ಒಲಿಂಪಿಕ್ ಚಿನ್ನ ಗೆದ್ದದ್ದು ಡೊಮಿನಿಕ್ ಹಾಶೆಕ್ ಎಂಬ ಗೋಲಿಯ ಬಲದಿಂದ. ಸೆಮಿಫೈನಲ್‌ನ ಶೂಟೌಟ್‌ನಲ್ಲಿ ಅವನು ಕೆನಡಾದ ಐದೂ ಹೊಡೆತಗಳನ್ನು ತಡೆದ. 2023ರ ಲಾಟ್ವಿಯಾ ತಂಡದಲ್ಲೂ ಅದೇ ಕಥೆ. ಗೋಲಿ ಆರ್ಟೂರ್ಸ್ ಶಿಲೋವ್ಸ್ ಇಡೀ ಚಾಂಪಿಯನ್‌ಷಿಪ್‌ನ ಅತ್ಯುತ್ತಮ ಆಟಗಾರನಾದ.

ಆದರೆ ಗೋಲಿ ಒಬ್ಬನೇ ಸಾಲುವುದಿಲ್ಲ. ಅದೃಷ್ಟವಂತೂ ಸಾಲುವುದೇ ಇಲ್ಲ. 2002ರಲ್ಲಿ ಬೆಲಾರುಸ್ ಸ್ವೀಡನ್ನನ್ನು 4-3ರಿಂದ ಸೋಲಿಸಿದ್ದು ಒಲಿಂಪಿಕ್ಸ್ ಕಂಡ ದೊಡ್ಡ ಅಚ್ಚರಿಗಳಲ್ಲಿ ಒಂದು. ಗೆಲುವಿನ ಹೊಡೆತ ದೂರದಿಂದ ಬಂದು ಸ್ವೀಡನ್ನಿನ ಗೋಲಿಯ ತಲೆಗೆ ಬಡಿದು ಹಿಂದಕ್ಕೆ ಉರುಳಿ ಒಳಗೆ ಬಿತ್ತು. ಮುಂದಿನ ಪಂದ್ಯದಲ್ಲಿ ಕೆನಡಾ ಅದೇ ಬೆಲಾರುಸ್‌ಗೆ 7 ಗೋಲು ಹೊಡೆಯಿತು.

ಹಾಗಾದರೆ ಉಳಿಯುವವರು ಯಾರು? ನನ್ನ ಉತ್ತರ: ಹಿಂದೆ ಒಂದು ಊರು ಇರುವವರು. ಡೆನ್ಮಾರ್ಕ್ ಅರವತ್ತು ಲಕ್ಷ ಜನರ ದೇಶ, ಫುಟ್ಬಾಲ್ ಮತ್ತು ಹ್ಯಾಂಡ್‌ಬಾಲ್ ಅವರ ಮನೆ ಆಟಗಳು. ಅಲ್ಲಿ ಹೆರ್ನಿಂಗ್ ಎಂಬ ಊರಿದೆ, ಒಂದು ಕಾಲದಲ್ಲಿ ಬಟ್ಟೆ ಉದ್ಯಮದಿಂದ ಬೆಳೆದದ್ದು. ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಡೆನ್ಮಾರ್ಕ್ ಆಟಗಾರ ಫ್ರಾನ್ಸ್ ನೀಲ್ಸನ್ ಆ ಊರಿನವನು. ಗೋಲಿ ಫ್ರೆಡರಿಕ್ ಆ್ಯಂಡರ್ಸನ್ ಕೂಡ. 2025ರ ಮೇ ತಿಂಗಳಲ್ಲಿ ಅದೇ ಹೆರ್ನಿಂಗ್‌ನಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ, ಡೆನ್ಮಾರ್ಕ್ ಕೆನಡಾವನ್ನು 2-1ರಿಂದ ಸೋಲಿಸಿತು. ಕೊನೆಯ ಎರಡು ಚಿಲ್ಲರೆ ನಿಮಿಷದವರೆಗೂ ಕೆನಡಾ ಮುಂದಿತ್ತು. ನಿಕೊಲಾಯ್ ಏಲರ್ಸ್ ಸಮ ಮಾಡಿದ. 49 ಸೆಕೆಂಡು ಉಳಿದಿರುವಾಗ ನಿಕ್ ಓಲೆಸೆನ್ ಗೆಲುವಿನ ಗೋಲು ಹೊಡೆದ. ವಿಶ್ವ ಚಾಂಪಿಯನ್‌ಷಿಪ್ ಮೇ ತಿಂಗಳಲ್ಲಿ ನಡೆಯುತ್ತದೆ, ಆಗ ಎನ್‌ಎಚ್‌ಎಲ್‌ನ ಪ್ಲೇಆಫ್ ನಡೆಯುತ್ತಿರುತ್ತದೆ, ಆದ್ದರಿಂದ ದೊಡ್ಡ ದೇಶಗಳು ತಮ್ಮ ಶ್ರೇಷ್ಠರನ್ನೆಲ್ಲ ಕಳುಹಿಸುವುದಿಲ್ಲ ಎಂಬ ಆಕ್ಷೇಪವಿದೆ. ಆಕ್ಷೇಪ ನ್ಯಾಯವಾದದ್ದೇ. ಲಾಟ್ವಿಯಾದ ಕಂಚನ್ನು ನೆನೆಯುವಾಗಲೂ ಅದನ್ನು ಮರೆಯಬಾರದು. ಆದರೆ ಹೆರ್ನಿಂಗ್‌ನಲ್ಲಿ ಸೋತ ಕೆನಡಾ ತಂಡದಲ್ಲಿ ಸಿಡ್ನಿ ಕ್ರಾಸ್ಬಿಯೂ ನೇಥನ್ ಮೆಕಿನನ್ನೂ ಇದ್ದರು.

ಸ್ಲೊವೇನಿಯಾದ್ದು ಇನ್ನೊಂದು ಪಾಠ. 21 ಲಕ್ಷ ಜನ, ಸರಿಸುಮಾರು ನಮ್ಮ ದಕ್ಷಿಣ ಕನ್ನಡ. ಯೆಸೆನಿತ್ಸೆ ಎಂಬ ಉಕ್ಕಿನ ಕಾರ್ಖಾನೆಯ ಊರಿನಿಂದ ಆನ್ಝೆ ಕೊಪಿತಾರ್ ಬಂದ. ಲಾಸ್ ಏಂಜಲೀಸ್ ತಂಡದಲ್ಲಿ 2012 ಮತ್ತು 2014ರಲ್ಲಿ ಎನ್‌ಎಚ್‌ಎಲ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದ, ಆಮೇಲೆ ಅದರ ನಾಯಕನೂ ಆದ. 2014ರ ಒಲಿಂಪಿಕ್ಸ್‌ನಲ್ಲಿ ಅವನ ತಂದೆಯೇ ತರಬೇತುದಾರರಾಗಿದ್ದ ತಂಡ ಕ್ವಾರ್ಟರ್ ಫೈನಲ್ ತಲುಪಿತು. ಇಷ್ಟೆಲ್ಲ ಇದ್ದೂ ಸ್ಲೊವೇನಿಯಾ ಮೇಲಿನ ಹಂತಕ್ಕೆ ಏರುತ್ತದೆ, ಮತ್ತೆ ಜಾರುತ್ತದೆ. ಒಬ್ಬ ಮಹಾನ್ ಆಟಗಾರ ಇಡೀ ತಂಡವನ್ನು ಹೊರಲಾರ. ಸ್ವಿಟ್ಜರ್ಲೆಂಡ್ ತನ್ನದೇ ಗಟ್ಟಿ ಲೀಗ್ ಕಟ್ಟಿಕೊಂಡು 2013, 2018, 2024, 2025ರಲ್ಲಿ ಬೆಳ್ಳಿ ಗೆದ್ದಿತು. ಉಳಿಯುವುದು ಎಂದರೆ ಇದು.

ಈ ಆಟದ ವ್ಯವಸ್ಥೆಯಲ್ಲಿ ನನಗೆ ತುಂಬ ಹಿಡಿಸಿದ್ದು ಅದರ ಏಣಿ. ಮೇಲಿನ ಹಂತದಲ್ಲಿ 16 ದೇಶ, ಅದರ ಕೆಳಗೆ ಹಂತ ಹಂತವಾಗಿ ಉಳಿದವು. ಕೊನೆಯ ಇಬ್ಬರು ಇಳಿಯುತ್ತಾರೆ, ಕೆಳಗಿನ ಇಬ್ಬರು ಏರುತ್ತಾರೆ. ಸೋವಿಯತ್ ಒಕ್ಕೂಟದಿಂದ ಬೇರೆಯಾದ ಲಾಟ್ವಿಯಾವನ್ನು 1993ರಲ್ಲಿ ಮೂರನೆಯ ಹಂತದಲ್ಲಿ ಆಡಿಸಿದರು. ಅದು ಒಂದೊಂದೇ ಮೆಟ್ಟಿಲು ಹತ್ತಿ 1997ಕ್ಕೆ ಮೇಲೆ ತಲುಪಿತು. ಆಮೇಲೆ ಕೆಳಗೆ ಬಿದ್ದಿಲ್ಲ. ಕ್ರಿಕೆಟ್ಟಿನವರು 2019ರ ವಿಶ್ವಕಪ್ಪನ್ನು 10 ತಂಡಗಳಿಗೆ ಇಳಿಸಿ ಬಾಗಿಲು ಕಿರಿದು ಮಾಡಿದಾಗ ನನಗೆ ಆದ ಬೇಸರ ಇನ್ನೂ ಹೋಗಿಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ. ಕಬಡ್ಡಿಯಲ್ಲಿ ನಾವೇ ಕೆನಡಾ. 1990ರಿಂದ 2014ರವರೆಗೆ ಏಷ್ಯನ್ ಗೇಮ್ಸ್‌ನ ಏಳಕ್ಕೆ ಏಳೂ ಪುರುಷರ ಚಿನ್ನ ನಮ್ಮದು. 2018ರಲ್ಲಿ ಜಕಾರ್ತದಲ್ಲಿ ಮೊದಲು ದಕ್ಷಿಣ ಕೊರಿಯಾ ನಮ್ಮನ್ನು ಒಂದು ಅಂಕದಿಂದ ಸೋಲಿಸಿತು, ಸೆಮಿಫೈನಲ್‌ನಲ್ಲಿ ಇರಾನ್ 27-18ರಿಂದ ಮನೆಗೆ ಕಳುಹಿಸಿತು. ಮಹಿಳೆಯರ ಫೈನಲ್‌ನಲ್ಲೂ ಇರಾನ್ ಗೆದ್ದಿತು. ಅವರ ತರಬೇತುದಾರರಾಗಿದ್ದವರು ನಾಸಿಕದ ಶೈಲಜಾ ಜೈನ್. ಆ ದಿನ ನಮ್ಮ ಯುವಕ ಮಂಡಲದಲ್ಲಿ ಸಾವಿನ ಮನೆಯ ಮೌನ. ಹಿರಿಯರೊಬ್ಬರು, "ಹೊರಗಿನವರನ್ನು ಪ್ರೊ ಕಬಡ್ಡಿಗೆ ಕರೆದು ನಾವೇ ಕಲಿಸಿಕೊಟ್ಟೆವು, ಅನುಭವಿಸಬೇಕು" ಎಂದರು. ನನಗೂ ಹೊಟ್ಟೆಯಲ್ಲಿ ಸಂಕಟವಾಗಿತ್ತು. ಆದರೂ ಅಂದೇ ಹೇಳಿದೆ, ಇಂದೂ ಹೇಳುತ್ತೇನೆ: ಕಲಿಸಿದ್ದು ಸರಿ. ಕೆನಡಾ ಮತ್ತು ಅಮೆರಿಕದ ಲೀಗಿನಲ್ಲಿ ಆಡಿಯೇ ಕೊಪಿತಾರ್ ಬೆಳೆದ, ಏಲರ್ಸ್ ಬೆಳೆದ. ದೊಡ್ಡವರು ತಮ್ಮ ಅಂಗಳದಲ್ಲಿ ಚಿಕ್ಕವರಿಗೆ ಆಡಲು ಜಾಗ ಕೊಟ್ಟರೆ ಒಂದು ದಿನ ಸೋಲಬೇಕಾಗುತ್ತದೆ. ಆ ಸೋಲಿಗೆ ಸಿದ್ಧರಿಲ್ಲದವರು ತಮ್ಮ ಆಟವನ್ನು ವಿಶ್ವದ ಆಟ ಎಂದು ಕರೆಯಬಾರದು.

ಐಸ್ ಹಾಕಿಯಲ್ಲಿ ನಮ್ಮ ದೇಶ ಏಣಿಯ ಬುಡದಲ್ಲಿದೆ. ಇರುವ ಆಟಗಾರರಲ್ಲಿ ಬಹುಪಾಲು ಲಡಾಖಿನವರು, ಎರಡು ಮುಕ್ಕಾಲು ಲಕ್ಷ ಜನರ ನೆಲದವರು. ಮೊದಮೊದಲು ಸೈನಿಕರ ಬೂಟಿಗೆ ಲೋಹದ ಅಲಗು ಜೋಡಿಸಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳದ ಮೇಲೆ ಆಡಿದವರು ಅವರು. ವರ್ಷಕ್ಕೆ ಎರಡು ತಿಂಗಳು ಮಂಜು ನಿಂತರೆ ನಿಂತಿತು. ಅಂತಹ ನೆಲದ ಹೆಣ್ಣುಮಕ್ಕಳು 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸನ್ನು 4-3ರಿಂದ ಸೋಲಿಸಿ ಭಾರತದ ಮಹಿಳಾ ತಂಡಕ್ಕೆ ಮೊದಲ ಗೆಲುವು ತಂದರು. 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು. ಆ ಪಂದ್ಯಾವಳಿ ನಡೆದದ್ದು ಅರಬ್ ಸಂಯುಕ್ತ ಸಂಸ್ಥಾನದ ಅಲ್ ಐನ್‌ನಲ್ಲಿ. ನಮ್ಮ ಕಾಸರಗೋಡಿನ ಅರ್ಧ ಮನೆಗಳ ಒಬ್ಬೊಬ್ಬರು ಬೆವರು ಸುರಿಸಿದ ಆ ಮರಳುಗಾಡಿನಲ್ಲಿ ವರ್ಷವಿಡೀ ಮಂಜುಗಡ್ಡೆಯ ಅಂಕಣವಿದೆ.

ಅಂಕಣದ ಮಾತು ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ನಾವು ಮಣ್ಣಿನಲ್ಲಿ ಆಡಿ ಬೆಳೆದವರು. ಹೊನಲು ಬೆಳಕಿನ ಪಂದ್ಯಾಟಗಳು ಒಂದೊಂದಾಗಿ ಮ್ಯಾಟಿಗೆ ಬದಲಾದಾಗ ನಮ್ಮ ಹುಡುಗರು ಅಲ್ಲಿ ಹೋಗಿ ತಡವರಿಸಿದರು. ಮಣ್ಣಿನಲ್ಲಿ ಹಿಮ್ಮಡಿ ಊರಿ ತಿರುಗಿದರೆ ಕಾಲು ಸ್ವಲ್ಪ ಜಾರಿ ಅದರಷ್ಟಕ್ಕೆ ನಿಲ್ಲುತ್ತದೆ. ಮ್ಯಾಟಿನಲ್ಲಿ ಪಾದ ಕಚ್ಚಿಕೊಳ್ಳುತ್ತದೆ, ಮೊಣಕಾಲು ಮಾತ್ರ ತಿರುಗುತ್ತದೆ. ನಮ್ಮ ಒಳ್ಳೆಯ ರೈಡರ್ ಒಬ್ಬ ಹಾಗೆಯೇ ಮೊಣಕಾಲು ಕಳೆದುಕೊಂಡು ಈಗ ಆಟೊ ಓಡಿಸುತ್ತಾನೆ. ಚಂದಾ ಎತ್ತಿ ಕೊನೆಗೂ ಮ್ಯಾಟು ತಂದೆವು. ಆದರೆ ಮೇಲೆ ಮಾಡು ಇಲ್ಲ. ಜೂನ್ ಬಂತೆಂದರೆ ಅದನ್ನು ಸುರುಳಿ ಸುತ್ತಿ ಮಂಡಲದ ಕಟ್ಟಡದ ಒಳಗೆ ಇಡಬೇಕು; ಅಕ್ಟೋಬರದವರೆಗೆ ಮಕ್ಕಳಿಗೆ ಅಭ್ಯಾಸವಿಲ್ಲ. ಲಡಾಖಿನವರಿಗೆ ಮಂಜು ಕರಗಿದ ಮೇಲೆ ಆಟವಿಲ್ಲ, ನಮಗೆ ಮಳೆ ಹಿಡಿದ ಮೇಲೆ ಇಲ್ಲ. ಶೀಟಿನ ಮಾಡು ಹಾಕಿಸಿಕೊಡಿ ಎಂದು ಒಂದು ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟೆವು. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದು, ಮಲಯಾಳದಲ್ಲಿ ಬರೆದು ತನ್ನಿ ಎಂಬ ಮಾತಿನೊಂದಿಗೆ ಕೈಗೇ ಮರಳಿತು.

ರಿಗಾದ ಹುಡುಗಿ ಕಳೆದ ತಿಂಗಳು ಒಂದು ವಿಡಿಯೊ ಕಳುಹಿಸಿದ್ದಾಳೆ. ಅವಳ ವಸತಿಯ ಹತ್ತಿರದ ರಿಂಕ್‌ನಲ್ಲಿ, ಬೆಳಕು ಹರಿಯುವ ಮೊದಲು, ಆರೇಳು ವರ್ಷದ ಮಕ್ಕಳು ಒಬ್ಬರ ಹಿಂದೆ ಒಬ್ಬರು ಬೀಳುತ್ತಾ ಏಳುತ್ತಾ ಸುತ್ತುತ್ತಿದ್ದಾರೆ. ಎಲ್ಲರಿಗಿಂತ ಚಿಕ್ಕವನೊಬ್ಬ ತನ್ನಷ್ಟೇ ಅಗಲದ ಪ್ಯಾಡು ಕಟ್ಟಿಕೊಂಡು ಗೋಲಿನ ಮುಂದೆ ನಿಂತಿದ್ದಾನೆ. ಬೇಲಿಯ ಹೊರಗೆ ತಂದೆ ತಾಯಂದಿರು ಬಿಸಿ ಲೋಟ ಹಿಡಿದು ನಿದ್ದೆಗಣ್ಣಿನಲ್ಲಿ ಕುಳಿತಿದ್ದಾರೆ. "ದಿನಾ ಹೀಗೆಯೇ ಮಾವ, ಭಾನುವಾರವೂ" ಎಂದು ಕೆಳಗೆ ಬರೆದಿದ್ದಾಳೆ. ಅದನ್ನು ನಮ್ಮ ಮಕ್ಕಳಿಗೆ ಅಭ್ಯಾಸದ ನಂತರ ತೋರಿಸಿದೆ. ಯಾರೂ ಮಾತನಾಡಲಿಲ್ಲ; ಒಬ್ಬಳು ಮಾತ್ರ, "ಅವರಿಗೆ ಮಾಡು ಇದೆ" ಎಂದಳು.

ಈ ವಾರ ಮೂರನೆಯ ಅರ್ಜಿ ಬರೆದಿದ್ದೇನೆ. ಅಳತೆ, ಅಂದಾಜು ವೆಚ್ಚ, ಮ್ಯಾಟಿನ ರಸೀದಿ, ಅಭ್ಯಾಸಕ್ಕೆ ಬರುವ 43 ಮಕ್ಕಳ ಹೆಸರು ಮತ್ತು ತರಗತಿ ಎಲ್ಲವನ್ನೂ ಲಗತ್ತಿಸಿದ್ದೇನೆ. ಕನ್ನಡದಲ್ಲೇ ಬರೆದಿದ್ದೇನೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕೊಡಲು ಹೋಗುತ್ತೇನೆ. ಜೊತೆಗೆ ಬರುವವರು ಒಂಬತ್ತರ ಬಸ್ಸಿಗೆ ಪೇಟೆಯಲ್ಲಿ ಸಿಗಿ.